ಒಬ್ಬರಿಗೆ ಮಾತ್ರ ನೆನಪಿರುವ ದಿನಗಳು

ಕೇಳುಗರಿಗೆಲ್ಲ ನಮಸ್ಕಾರ.

ಒಬ್ಬ ಹುಡುಗ ದೊಡ್ಡ ಬಂಗಲೆಯೊಂದರಲ್ಲಿ ಕೆಲಸಕ್ಕೆ ಸೇರುತ್ತಾನೆ. ಅಲ್ಲಿ ಮೊದಲಿನಿಂದ ಇರುವವರು ಇಬ್ಬರು ಅವಳಿ ಅಕ್ಕತಂಗಿಯರು. ಅವರ ಕೈಕೆಳಗೆ ಹುಡುಗ ತರಕಾರಿ ಹೆಚ್ಚುತ್ತಾನೆ, ಕಸ ಗುಡಿಸುತ್ತಾನೆ, ಬೈಸಿಕೊಳ್ಳುತ್ತಾನೆ. ರಾತ್ರಿ ಹೊತ್ತು ಅಕ್ಕ ಅವನಿಗೆ ಆ ನಾಡಿನ ಅಕ್ಷರ ಕಲಿಸುತ್ತಾಳೆ. ನಾಲ್ಕು ದಿನದಲ್ಲಿ ಮನೆಯವನೇ ಆಗಿಬಿಡುತ್ತಾನೆ. ತಾನು ಇಷ್ಟಪಡುವ ಹುಡುಗಿಯ ಹತ್ತಿರ, ನಾಳೆ ಪಕ್ಕದ ಹಳ್ಳಿಗೆ ಹೋಗಿ ಬರೋಣ ಅಂತ ಮಾತನ್ನೂ ತೆಗೆದುಕೊಳ್ಳುತ್ತಾನೆ. ಖುಷಿಯಲ್ಲಿ ಮಲಗುತ್ತಾನೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಅದೇ ಅವಳಿಗಳು ಹಾಸಿಗೆ ಪಕ್ಕ ನಿಂತಿದ್ದಾರೆ. ಇವನು ಸಲಿಗೆಯಿಂದ ಮಾತಾಡಿಸುತ್ತಾನೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡು, ಅತಿಥಿಗಳು ಯಾಕೋ ಗಾಬರಿಯಾಗಿದ್ದಾರೆ ಅನ್ನುವ ಹಾಗೆ ದೂರದಿಂದಲೇ ಉತ್ತರ ಕೊಡುತ್ತಾರೆ. ಅವರಿಗೆ ಇವನು ಯಾರೂ ಅಲ್ಲ. ಇವತ್ತೇ ಮೊದಲ ಸಲ ನೋಡುತ್ತಿದ್ದಾರೆ.

ಇದು 'ರೀ ಜೀರೊ' ಅನ್ನುವ ಜಪಾನಿ ಅನಿಮೆಯ, ಅಂದರೆ ಚಿತ್ರ ಬಿಡಿಸಿ ಮಾಡಿದ ಧಾರಾವಾಹಿಯ, ಒಂದು ಸಂದರ್ಭ. ಹುಡುಗನ ಹೆಸರು ನತ್ಸುಕಿ ಸುಬಾರು. ನಮ್ಮ ನಿಮ್ಮ ಹಾಗೆ ಸಾಧಾರಣ ಹುಡುಗ. ಅಂಗಡಿಯಿಂದ ತಿಂಡಿ ತಗೊಂಡು ಮನೆಗೆ ಹೊರಟವನು ಹೇಗೋ ಮಾಯಾಲೋಕವೊಂದಕ್ಕೆ ಬಂದು ಬಿದ್ದಿದ್ದಾನೆ. ಅಲ್ಲಿ ಅವನಿಗೆ ಕತ್ತಿವರಸೆ ಬರಲ್ಲ, ಹೇಳಿಕೊಳ್ಳುವಂಥ ಮಂತ್ರವೂ ಬರಲ್ಲ. ಇರುವುದು ಒಂದೇ ಶಕ್ತಿ. ಸತ್ತರೆ ಕಾಲ ಹಿಂದಕ್ಕೆ ಸರಿಯುತ್ತದೆ. ಆ ರಾತ್ರಿ ನಿದ್ದೆಯಲ್ಲೇ ಸತ್ತಿದ್ದ. ಹೇಗೆ ಸತ್ತೆ ಅನ್ನುವುದೂ ಅವನಿಗೆ ಗೊತ್ತಿಲ್ಲ. ನಾಗತ್ಸುಕಿ ತಪ್ಪೇ ಅನ್ನುವ ಲೇಖಕರು 2012ರಲ್ಲಿ ಇಂಟರ್ನೆಟ್ಟಿನಲ್ಲಿ ಬರೆಯಲು ಶುರು ಮಾಡಿದ ಕಥೆ ಇದು. 2014ರಿಂದ ಪುಸ್ತಕವಾಗಿ ಬರತೊಡಗಿತು. 2016ರಲ್ಲಿ ವೈಟ್ ಫಾಕ್ಸ್ ಸ್ಟುಡಿಯೋ ಅನಿಮೆ ಮಾಡಿತು.

ಇಂಥ ಕಥೆಗಳಿಗೆ ಟೈಮ್ ಲೂಪ್ ಅಂತ ಹೆಸರು. ಅದೇ ದಿನ, ಅದೇ ವಾರ, ಅದೇ ತಿಂಗಳು ಮತ್ತೆ ಮತ್ತೆ ಬರುತ್ತದೆ. ಯಾಕೆ ಇದು ಇಷ್ಟೊಂದು ಜನರಿಗೆ ಇಷ್ಟ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ತಪ್ಪು ತಿದ್ದಿಕೊಳ್ಳಲು ಇನ್ನೊಂದು ಅವಕಾಶ ಸಿಗುತ್ತದಲ್ಲ, ಅದಕ್ಕೆ. ಪರೀಕ್ಷೆ ಇನ್ನೊಮ್ಮೆ ಬರೆಯಬಹುದಿತ್ತು, ಆ ಮಾತು ಆಡಬಾರದಿತ್ತು ಅಂತ ಕೊರಗದವರು ಯಾರಿದ್ದಾರೆ? ಉತ್ತರ ಸುಳ್ಳಲ್ಲ. ಆದರೆ ನನಗೆ ಅದು ಸಾಲದು ಅನ್ನಿಸುತ್ತದೆ. ಒಳ್ಳೆಯ ಲೂಪ್ ಕಥೆಯಲ್ಲಿ ನಮ್ಮನ್ನು ಹಿಡಿದು ಕೂರಿಸುವುದು ಮತ್ತೆ ಸಿಕ್ಕ ಅವಕಾಶಕ್ಕಿಂತ ಜಾಸ್ತಿ, ಅದರ ಜೊತೆಗೇ ಬರುವ ಒಂಟಿತನ. ನಡೆದದ್ದೆಲ್ಲ ಒಬ್ಬರಿಗೆ ಮಾತ್ರ ನೆನಪಿದೆ. ಜೊತೆಗೆ ನಕ್ಕವರಿಗೆ, ಅತ್ತವರಿಗೆ, ಕೈ ಹಿಡಿದವರಿಗೆ ಏನೂ ನೆನಪಿಲ್ಲ.

ಈ ಬಗೆಯ ಕಥೆ ಜಪಾನಿನಲ್ಲಿ ಇಷ್ಟು ಬೆಳೆಯುವುದಕ್ಕೆ ಗೇಮುಗಳೂ ಕಾರಣ. ವಿಡಿಯೋ ಗೇಮ್ ಆಡುವವರಿಗೆ ಸೇವ್ ಪಾಯಿಂಟ್ ಗೊತ್ತು. ಸತ್ತರೆ ಅಲ್ಲಿಂದ ಮತ್ತೆ ಶುರು. ಗೇಮಿನೊಳಗಿನ ಪಾತ್ರಗಳಿಗೆ ಹಳೆಯದು ನೆನಪಿರಲ್ಲ, ಆಡುವವನಿಗೆ ಇರುತ್ತದೆ. 'ಹಿಗುರಾಶಿ' ಅನ್ನುವ ಭಯದ ಕಥೆ ಅನಿಮೆ ಆಗುವ ಮೊದಲು, 2002ರಲ್ಲಿ, ಕಂಪ್ಯೂಟರಿನಲ್ಲಿ ಓದುತ್ತಾ ಹೋಗುವ ಗೇಮ್ ಆಗಿ ಬಂದಿತ್ತು. 1983ರ ಜೂನ್ ತಿಂಗಳು, ಒಂದು ಹಳ್ಳಿ, ಅದೇ ಮಕ್ಕಳು. ಪ್ರತಿ ಭಾಗದಲ್ಲೂ ದುರಂತ, ಮುಂದಿನ ಭಾಗದಲ್ಲಿ ಮತ್ತೆ ಅದೇ ಜೂನ್. ಓದುಗರು ಆಡುವವರ ಜಾಗದಲ್ಲಿ ಕೂತು ಎಲ್ಲವನ್ನೂ ನೆನಪಿಟ್ಟುಕೊಂಡರು. ಹಾಗೆ ನೆನಪಿಟ್ಟುಕೊಳ್ಳುವವರನ್ನೇ ಕಥೆಯೊಳಗೆ ತಂದು ನಿಲ್ಲಿಸಿದರೆ ಏನಾಗುತ್ತದೆ? ಆಟಗಾರನಿಗೆ ಒಂದು ಗುಂಡಿಯ ಕೆಲಸ ಆಗಿದ್ದ ಸಾವು, ಇವನಿಗೆ ನಿಜವಾದ ನೋವು ಆಗುತ್ತದೆ.

ಸುಬಾರುವಿಗೆ ಸೇವ್ ಪಾಯಿಂಟ್ ಅವನ ಕೈಯಲ್ಲಿಲ್ಲ. ಎಲ್ಲಿಗೆ ಹಿಂದಿರುಗುತ್ತೇನೆ ಅನ್ನುವುದು ಸಾಯುವವರೆಗೆ ಗೊತ್ತಾಗಲ್ಲ. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಇದರ ಕ್ರೌರ್ಯ ಪೂರ್ತಿ ಕಾಣುತ್ತದೆ. ಅವಳಿಗಳಲ್ಲಿ ತಂಗಿ, ರೆಮ್, ಎಚ್ಚರವಿಲ್ಲದೆ ಮಲಗಿಬಿಟ್ಟಿದ್ದಾಳೆ. ಅವಳಿದ್ದಳು ಅನ್ನುವುದೇ ಲೋಕಕ್ಕೆ ಮರೆತುಹೋಗಿದೆ. ಸ್ವಂತ ಅಕ್ಕನಿಗೂ ನೆನಪಿಲ್ಲ. ನಾನು ಹಿಂದಕ್ಕೆ ಹೋಗಿ ಇದನ್ನು ತಪ್ಪಿಸುತ್ತೇನೆ ಅಂತ ಸುಬಾರು ತನ್ನ ಕೈಯಾರೆ ಪ್ರಾಣ ತೆಗೆದುಕೊಳ್ಳುತ್ತಾನೆ. ಕಣ್ಣು ಬಿಟ್ಟಾಗ ಅದೇ ಕೋಣೆ, ಅದೇ ಹಾಸಿಗೆ. ಕಾಲ ಹಿಂದೆ ಸರಿದದ್ದು ತೀರ ಸ್ವಲ್ಪ. ರೆಮ್ ಹಾಗೇ ಮಲಗಿದ್ದಾಳೆ. ಲೋಕವೆಲ್ಲ ಮರೆತವಳನ್ನು ಇನ್ನು ಅವನೊಬ್ಬನೇ ನೆನಪಿಟ್ಟುಕೊಂಡು ಬದುಕಬೇಕು.

ಯಾರಿಗಾದರೂ ಹೇಳಿಕೊಂಡರೆ ಭಾರ ಇಳಿಯುತ್ತಿತ್ತು, ಅಲ್ವಾ? ಅದಕ್ಕೂ ದಾರಿ ಇಲ್ಲ. ನಾವೆಲ್ಲ ಚಿಕ್ಕಂದಿನಲ್ಲಿ ಬೇತಾಳದ ಕಥೆ ಕೇಳಿದವರು. ಛಲ ಬಿಡದ ತ್ರಿವಿಕ್ರಮ ಹೆಣ ಹೊತ್ತು ನಡೆಯುತ್ತಾನೆ, ಬೇತಾಳ ಕಥೆ ಹೇಳುತ್ತದೆ, ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು. ಹೇಳಿದರೆ ಮೌನ ಮುರಿಯಿತು ಅಂತ ಬೇತಾಳ ಮತ್ತೆ ಮರ ಏರುತ್ತದೆ. ಸುಬಾರುವಿನದು ಇದರ ತಿರುಗುಮುರುಗು. ಬಾಯಿ ಬಿಟ್ಟರೇ ಶಿಕ್ಷೆ. ನಾನು ಸತ್ತು ಮರಳಿ ಬಂದವನು ಅಂತ ಹೇಳಲು ಹೊರಟ ಕೂಡಲೇ ಸುತ್ತಲಿನ ಲೋಕ ಸ್ತಬ್ಧವಾಗುತ್ತದೆ. ಕಪ್ಪು ಕೈಯೊಂದು ಎದೆಯೊಳಗೆ ಇಳಿದು ಹೃದಯ ಹಿಂಡುತ್ತದೆ. ಒಮ್ಮೆ ತಡೆಯಲಾರದೆ, ತಾನು ಪ್ರೀತಿಸುವ ಎಮಿಲಿಯಾಗೆ ಹೇಳಿಯೇಬಿಡುತ್ತಾನೆ. ಆ ಸಲ ಕೈ ಹಿಂಡುವುದು ಅವಳ ಹೃದಯವನ್ನು.

ಅಷ್ಟೇ ಅಲ್ಲ. ಅವನು ಸತ್ತು ಮರಳಿದಾಗೆಲ್ಲ ಮೈಯಲ್ಲಿ, ಈ ಶಕ್ತಿ ಕೊಟ್ಟ ಮಾಟಗಾತಿಯ ವಾಸನೆ ಹೆಚ್ಚುತ್ತದೆ. ರೆಮ್‌ಗೆ ಆ ವಾಸನೆ ಹತ್ತುತ್ತದೆ. ಮಾಟಗಾತಿಯ ಪಂಥದವರು ಅವಳ ಹಳ್ಳಿಯನ್ನೇ ನಾಶ ಮಾಡಿದವರು. ಹೀಗಾಗಿ ಇವನು ಎಷ್ಟು ಸಲ ಅವಳ ಸ್ನೇಹಕ್ಕಾಗಿ ಮರಳಿ ಬರುತ್ತಾನೋ ಅಷ್ಟೂ ಅವಳ ಅನುಮಾನ ಬಲಿಯುತ್ತದೆ. ಮೊದಲ ಸಲ ಒಟ್ಟಿಗೆ ಕೆಲಸ ಮಾಡಿದವಳು ಮುಂದಿನ ಸಲ ಸರಪಳಿಯ ಗದೆ ಹಿಡಿದು ಇವನ ಬೆನ್ನು ಹತ್ತುತ್ತಾಳೆ. ಕಥೆ ಕಟ್ಟುವ ಕೆಲಸದ ಕಣ್ಣಿನಿಂದ ನೋಡಿದರೆ ಈ ಒಂದು ನಿಯಮ ಬಹಳ ದೊಡ್ಡದು ಅಂತ ನನ್ನ ಅಭಿಪ್ರಾಯ. ಮರಳಿ ಬರುವುದು ಪುಕ್ಕಟೆ ಅಲ್ಲ. ಯಾರಿಗಾಗಿ ಬರುತ್ತೀಯೋ ಅವರಿಂದಲೇ ನೀನು ದೂರವಾಗುತ್ತೀಯ. ಆದರೂ ಸುಬಾರು ಅವಳನ್ನು ದ್ವೇಷಿಸಲ್ಲ. ಒಂದು ಸಲ ತಾನು ಬದುಕಿ, ರೆಮ್ ಸತ್ತಾಗ, ಆ ಬದುಕನ್ನು ಉಳಿಸಿಕೊಳ್ಳದೆ ಬಂಡೆಯಂಚಿನಿಂದ ತಾನೇ ಹಾರುತ್ತಾನೆ. ಅವಳನ್ನೂ ಅವಳ ಅಕ್ಕನನ್ನೂ ಉಳಿಸಲು.

ಒಂಟಿ ನೆನಪು ಮನುಷ್ಯನನ್ನು ದೊಡ್ಡವನನ್ನಾಗಿ ಮಾತ್ರ ಮಾಡಲ್ಲ, ಕೆಡಿಸುತ್ತದೆ ಕೂಡ. ರಾಜಧಾನಿಯಲ್ಲಿ ಸುಬಾರುವಿಗೂ ಎಮಿಲಿಯಾಗೂ ಜಗಳ ಆಗುತ್ತದೆ. ನಿನಗಾಗಿ ನಾನು ಎಷ್ಟು ಮಾಡಿದ್ದೇನೆ ಗೊತ್ತಾ, ನನ್ನ ಋಣ ನೀನು ತೀರಿಸಲಾರೆ ಅನ್ನುವ ಅರ್ಥದ ಮಾತು ಅವನ ಬಾಯಿಂದ ಬರುತ್ತದೆ. ಅವನ ಲೆಕ್ಕದಲ್ಲಿ ಅದು ನಿಜ. ಅವಳಿಗಾಗಿ ಸತ್ತಿದ್ದಾನೆ, ಅದೂ ಒಂದು ಸಲ ಅಲ್ಲ. ಅವಳಿಗೆ ಹೇಗೆ ಗೊತ್ತಾಗಬೇಕು? ಅವಳ ಕಣ್ಣಿಗೆ ಕಾಣುವುದು, ಬರಬೇಡ ಅಂದರೂ ಬಂದು, ತುಂಬಿದ ಸಭೆಯಲ್ಲಿ ಮಾನ ಕಳೆದ ಹುಡುಗ. ನೋಡುವ ನಮಗೆ ಇಬ್ಬರ ನೋವೂ ಅರ್ಥವಾಗುತ್ತದೆ. ಮನೆಗಾಗಿ ಸದ್ದಿಲ್ಲದೆ ದುಡಿದು, ಒಂದು ದಿನ ಎಲ್ಲವನ್ನೂ ಎತ್ತಿ ಆಡಿದವರನ್ನು ನಾವು ಯಾರೂ ನೋಡದೆ ಇಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಕಾಡಿದ್ದು ಈ ಜಗಳವೇ. ಒಂದು ರಾಕ್ಷಸನೂ ಇಲ್ಲದ, ಬರೀ ಇಬ್ಬರು ಒಂದು ಕೋಣೆಯಲ್ಲಿ ನಿಂತು ಆಡುವ ಮಾತು.

ಅಲ್ಲಿಂದ ಅವನು ಕುಸಿಯುತ್ತಾ ಹೋಗುತ್ತಾನೆ. 18ನೇ ಕಂತಿನ ಹೊತ್ತಿಗೆ, ಎಲ್ಲಾದರೂ ಓಡಿಹೋಗೋಣ ಬಾ ಅಂತ ರೆಮ್‌ಳನ್ನು ಬೇಡುತ್ತಾನೆ. ಹೆಚ್ಚುಕಮ್ಮಿ ಇಡೀ ಕಂತು ಅವರಿಬ್ಬರ ಸಂಭಾಷಣೆಯೇ. ಕುದುರೆಯಿಲ್ಲ, ಕತ್ತಿಯಿಲ್ಲ. ಸುಬಾರುವಿಗೆ ಕೊಬಾಯಾಶಿ ಯೂಸುಕೆ, ರೆಮ್‌ಗೆ ಮಿನಾಸೆ ಇನೋರಿ ದನಿ ಕೊಟ್ಟಿದ್ದಾರೆ. ದನಿಯೊಂದರಲ್ಲೇ ಎಷ್ಟು ಮಾಡಬಹುದು ಅನ್ನುವುದಕ್ಕೆ, ರೇಡಿಯೊ ಕೇಳುವ ನೀವು ಇದನ್ನು ಕಣ್ಣು ಮುಚ್ಚಿಕೊಂಡೂ ಒಮ್ಮೆ ಕೇಳಬೇಕು. ಅವನು ತನ್ನನ್ನು ತಾನು ಬೈದುಕೊಳ್ಳುತ್ತಾ ಹೋಗುತ್ತಾನೆ. ಅವಳು ತಾನು ಕಂಡ ಸುಬಾರು ಎಂಥವನು ಅಂತ ಒಂದೊಂದಾಗಿ ಹೇಳುತ್ತಾಳೆ. ಅವನ ಸಾವುಗಳು ಅವಳಿಗೆ ಗೊತ್ತಿಲ್ಲ. ಗೊತ್ತಿರುವುದು ಈಗ ನಡೆಯುತ್ತಿರುವ ಈ ಒಂದು ಬದುಕು ಮಾತ್ರ. ಅಷ್ಟರಲ್ಲೇ ಅವಳಿಗೆ ಅವನನ್ನು ನಂಬಲು ಬೇಕಾದಷ್ಟು ಸಿಕ್ಕಿದೆ.

ಇನ್ನೊಂದು ಪ್ರಶ್ನೆ ಇದೆ. ಬಹಳಷ್ಟು ಲೂಪ್ ಕಥೆಗಳು ಅದನ್ನು ಕೇಳುವುದೇ ಇಲ್ಲ. ಇವನು ಬಿಟ್ಟುಬಂದ ಆ ಲೋಕ ಏನಾಯಿತು? 'ರೀ ಜೀರೊ' ಎರಡನೇ ಸೀಸನ್ನಿನಲ್ಲಿ ಅದನ್ನು ನೇರವಾಗಿ ಎತ್ತಿಕೊಳ್ಳುತ್ತದೆ. ಮಾಟಗಾತಿಯೊಬ್ಬಳ ಪರೀಕ್ಷೆಯಲ್ಲಿ ಸುಬಾರುವಿಗೆ ತಾನು ಸತ್ತ ಮೇಲಿನ ದೃಶ್ಯಗಳು ಒಂದಾದ ಮೇಲೊಂದು ಕಾಣುತ್ತವೆ. ತನ್ನ ಹೆಣದ ಮುಂದೆ ಅಳುತ್ತಿರುವವರು. ಇಷ್ಟು ದಿನ ಅವನು ಸಾವನ್ನು ಬಾಗಿಲಿನ ಹಾಗೆ ಬಳಸಿದ್ದ. ಬಾಗಿಲಿನ ಆಚೆ ಕಡೆ ಉಳಿದವರ ಗೋಳು ಕೇಳಿದ ಮೇಲೆ, ಇನ್ನೊಂದು ಸಲ ಸತ್ತರಾಯಿತು ಅಂತ ಹಗುರವಾಗಿ ಅಂದುಕೊಳ್ಳಲು ಅವನಿಗೂ ಆಗಲ್ಲ, ನಮಗೂ ಆಗಲ್ಲ.

ಸಾವೇ ಇಲ್ಲದ ಲೂಪ್ ಕೂಡ ಇದೆ. 'ಸುಝುಮಿಯಾ ಹಾರುಹಿ' ಅನಿಮೆಯನ್ನು ಮಾಡಿದ್ದು ಕ್ಯೋಟೊ ಆನಿಮೇಶನ್. 2009ರ ಬೇಸಿಗೆಯಲ್ಲಿ ಅವರು ಒಂದೇ ಕಥೆಯನ್ನು ಎಂಟು ವಾರ, ಎಂಟು ಕಂತಾಗಿ ಪ್ರಸಾರ ಮಾಡಿದರು. ಐವರು ಸ್ನೇಹಿತರು, ರಜೆಯ ಕೊನೆಯ ಎರಡು ವಾರ. ಈಜುಕೊಳ, ಹಬ್ಬದ ಕುಣಿತ, ಪಟಾಕಿ, ಜೀರುಂಡೆ ಹಿಡಿಯುವುದು. ಆಗಸ್ಟ್ 31 ಮುಗಿಯುತ್ತಿದ್ದ ಹಾಗೆ ಮತ್ತೆ 17ನೇ ತಾರೀಖು. ಪ್ರತಿ ಕಂತನ್ನೂ ಹೊಸದಾಗಿ ಬಿಡಿಸಿದ್ದಾರೆ, ಬಟ್ಟೆ ಬೇರೆ, ದೃಶ್ಯದ ಕೋನ ಬೇರೆ. ಕಥೆ ಮಾತ್ರ ಅದೇ. ಅಭಿಮಾನಿಗಳಿಗೆ ಸಿಟ್ಟು ಬಂದದ್ದು ಸಹಜ. ಆದರೆ ಆ ಗುಂಪಿನಲ್ಲಿ ನಾಗಾತೊ ಯೂಕಿ ಅನ್ನುವ ಹುಡುಗಿ ಇದ್ದಾಳೆ. ಅವಳಿಗೆ ಎಲ್ಲವೂ ನೆನಪಿದೆ. ಕೊನೆಯದು 15,532ನೇ ಸಲ. ಸುಮಾರು ಆರುನೂರು ವರ್ಷ, ಅದೇ ಹದಿನೈದು ದಿನ. ಕೇಳಿದರೆ ಮಾತ್ರ ಹೇಳುತ್ತಾಳೆ, ಇಲ್ಲದಿದ್ದರೆ ಸುಮ್ನೆ ಕೂತು ಪುಸ್ತಕ ಓದುತ್ತಾಳೆ. ಎಂಟು ವಾರಕ್ಕೇ ನಮಗೆ ಸಾಕಾಯಿತಲ್ಲ, ಅವಳಿಗೆ ಹೇಗಾಗಿರಬೇಡ? ಲೂಪ್ ಬಿಚ್ಚಿಕೊಂಡದ್ದು ಯಾವ ಮಂತ್ರದಿಂದಲೂ ಅಲ್ಲ. ಕ್ಯೋನ್ ಅನ್ನುವ ಹುಡುಗ ರಜೆಯ ಹೋಂವರ್ಕ್ ಮಾಡಿರಲಿಲ್ಲ. ಎಲ್ಲರೂ ನಮ್ಮನೆಗೆ ಬನ್ನಿ, ಸೇರಿ ಮಾಡೋಣ ಅಂತ ಕರೆದ. ಅಷ್ಟೇ. ಎಂಟು ಕಂತು ಬೇಕಿತ್ತಾ ಅಂದರೆ ಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ನಾಗಾತೊ ಪಟ್ಟ ದಣಿವಿನ ಒಂದು ಚೂರಾದರೂ ನೋಡುವವರ ಮೈಗೆ ತಾಗಲು ಬೇರೆ ದಾರಿ ಇರಲಿಲ್ಲ.

ಈಚೆಗೆ ಬರುವ ಹಲವು ಲೂಪ್ ಕಥೆಗಳಲ್ಲಿ ನಾಯಕ ಒಂದೆರಡು ಸುತ್ತಿನಲ್ಲೇ ಎಲ್ಲ ತಿಳಿದುಕೊಂಡು ಎಲ್ಲರನ್ನೂ ಸೋಲಿಸಿಬಿಡುತ್ತಾನೆ. ನೋಡಲು ಮಜಾ ಇರುತ್ತದೆ, ಆದರೆ ಮನಸ್ಸಿನಲ್ಲಿ ನಿಲ್ಲಲ್ಲ.

ಮನಸ್ಸಿನಲ್ಲಿ ನಿಂತೇಬಿಡುವ ಒಂದು ಕಥೆ ಹೇಳಿ ಮುಗಿಸುತ್ತೇನೆ. 'ಮಡೋಕಾ ಮಾಗಿಕಾ', 2011. ಹನ್ನೆರಡೇ ಕಂತು. ಶಾಫ್ಟ್ ಸ್ಟುಡಿಯೋ, ನಿರ್ದೇಶನ ಶಿಂಬೊ ಅಕಿಯುಕಿ, ಬರೆದದ್ದು ಉರೊಬುಚಿ ಗೆನ್. ಆ ವರ್ಷ ಮಾರ್ಚ್ 11ರ ಭೂಕಂಪ, ಸುನಾಮಿಯಿಂದಾಗಿ ಕೊನೆಯ ಎರಡು ಕಂತುಗಳು ನಿಂತು, ಏಪ್ರಿಲ್‌ನಲ್ಲಿ ಪ್ರಸಾರವಾದವು. ಮಡೋಕಾ ಅನ್ನುವ ಶಾಲಾ ಹುಡುಗಿಯ ತರಗತಿಗೆ ಹೋಮುರಾ ಅನ್ನುವ ಹೊಸ ಹುಡುಗಿ ಬರುತ್ತಾಳೆ. ಉದ್ದ ಕಪ್ಪು ಕೂದಲು, ಮುಖದಲ್ಲಿ ನಗುವಿಲ್ಲ, ಮಾತು ಚುಟುಕು. ಒಂಬತ್ತು ಕಂತು ನಾವು ಅವಳನ್ನು ಅನುಮಾನದಿಂದಲೇ ನೋಡುತ್ತೇವೆ. ಹತ್ತನೇ ಕಂತಿನಲ್ಲಿ ಹಿಂದಿನದೆಲ್ಲ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಅವಳು ಎರಡು ಜಡೆ ಹಾಕಿ, ಕನ್ನಡಕ ತೊಟ್ಟು, ಹೃದಯದ ಕಾಯಿಲೆಯಿಂದ ಎದ್ದು ಬಂದ ಅಂಜುಬುರುಕಿ. ಕೈಹಿಡಿದವಳು ಮಡೋಕಾ. ಈ ಕಥೆಯಲ್ಲಿ ಹುಡುಗಿಯರಿಗೆ ಒಂದು ವರ ಸಿಗುತ್ತದೆ, ಬದಲಿಗೆ ಅವರು ಮಾಯಾಶಕ್ತಿ ಪಡೆದು ಮಾಟಗಾತಿಯರ ಜೊತೆ ಹೋರಾಡಬೇಕು. ಆ ಮಡೋಕಾ ಹಾಗೆ ಊರನ್ನು ಉಳಿಸಲು ಹೋಗಿ ಸತ್ತಳು. ಅವಳನ್ನು ಮತ್ತೆ ಮೊದಲಿನಿಂದ ಭೇಟಿಯಾಗಬೇಕು, ಈ ಸಲ ಕಾಪಾಡುವವಳು ನಾನಾಗಬೇಕು ಅಂತ ಹೋಮುರಾ ವರ ಕೇಳಿದಳು. ಅಲ್ಲಿಂದ ಶುರು. ಪ್ರತಿ ಸಲ ಆಸ್ಪತ್ರೆಯ ಹಾಸಿಗೆ ಮೇಲೆ ಕಣ್ಣು ಬಿಡುತ್ತಾಳೆ. ಪ್ರತಿ ಸಲ ಸೋಲುತ್ತಾಳೆ. ಜಡೆ ಬಿಚ್ಚಿದಳು, ಕನ್ನಡಕ ತೆಗೆದಳು, ಯಾರನ್ನೂ ನೆಚ್ಚುವುದು ಬಿಟ್ಟಳು. ಮರಳಿ ಬಂದಷ್ಟೂ ತನ್ನ ಕಾಲ ಬೇರೆ, ಮಡೋಕಾಳ ಕಾಲ ಬೇರೆ ಆಗುತ್ತಾ ಹೋಗಿ, ಮಾತು ಕೂಡ ತಲುಪದ ಹಾಗಾಯಿತು ಅಂತ ಹನ್ನೊಂದನೇ ಕಂತಿನಲ್ಲಿ ಅತ್ತುಕೊಂಡು ಹೇಳುತ್ತಾಳೆ.

ಪೂರ್ತಿ ನೋಡಿ ಮುಗಿಸಿದ ಮೇಲೆ ಮೊದಲ ಕಂತನ್ನು ಇನ್ನೊಂದು ಸಲ ಹಾಕಿ ನೋಡಿ. ಹೋಮುರಾ ತರಗತಿಗೆ ಬಂದ ಮೊದಲ ದಿನ. ಹುಷಾರಿಲ್ಲ, ಶಾಲೆಯ ಆರೋಗ್ಯ ಕೊಠಡಿಗೆ ಹೋಗಬೇಕು ಅನ್ನುತ್ತಾಳೆ. ದಾರಿ ತೋರಿಸಬೇಕಾದವಳು ಮಡೋಕಾ. ಆದರೆ ಆ ಗಾಜಿನ ಓಣಿಯಲ್ಲಿ ಹೋಮುರಾ ಮುಂದೆ ಮುಂದೆ ನಡೆಯುತ್ತಾಳೆ, ಯಾರನ್ನೂ ಕೇಳದೆ ಸರಿಯಾದ ಕಡೆಗೇ ತಿರುಗುತ್ತಾಳೆ. ಮೊದಲ ಸಲ ನೋಡಿದಾಗ, ಎಷ್ಟು ಜಂಬ ಈ ಹುಡುಗಿಗೆ ಅನ್ನಿಸಿರುತ್ತದೆ. ಈ ದಾರಿ ಅವಳಿಗೆ ತೋರಿಸಿಕೊಟ್ಟವಳು ಹಿಂದೆ ಬರುತ್ತಿರುವ ಮಡೋಕಾನೇ. ಅದು ಮಡೋಕಾಗೆ ಗೊತ್ತಿಲ್ಲ.

ನಮಸ್ಕಾರ.