ಯಾವ ಹೊತ್ತಿನ ಯೂನಿಟ್?

ಹಿರಿಯರಿಗೆ, ಅಕ್ಕತಂಗಿಯರಿಗೆ, ಬಡಾವಣೆಯ ಎಲ್ಲ ಸ್ನೇಹಿತರಿಗೆ ನಮಸ್ಕಾರ. ಭಾನುವಾರ ಬೆಳಗ್ಗೆ ಕರೆಂಟ್ ಬಿಲ್ಲಿನ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ. ಪೀಠಿಕೆಯಲ್ಲಿ ನಿಮ್ಮ ಹೊತ್ತು ಕಳೆಯದೆ ಮೊದಲು ನಾಲ್ಕು ಸಾಲು ಓದುತ್ತೇನೆ.

ಬೆಳಗ್ಗೆ 6:00, 0.07. 6:30, 1.04. 7:00, 0.98. 7:30, 0.41.

ಇವು ವಿಜಯನಗರದ ಒಂದು ಮನೆಯ ಸ್ಮಾರ್ಟ್ ಮೀಟರ್ ಬರೆದಿಟ್ಟ ಸಾಲುಗಳು. ಮನೆಯವರ ಒಪ್ಪಿಗೆ ಪಡೆದು, ಹೆಸರನ್ನೂ ಬಿಲ್ಲಿನ ಮೇಲೆ ಸಂಪರ್ಕದ ಗುರುತಾಗಿರುವ ಆರ್‌ಆರ್ ಸಂಖ್ಯೆಯನ್ನೂ ಅಳಿಸಿ ತಂದಿದ್ದೇನೆ. ಒಂದೊಂದು ಸಾಲೂ ಅಲ್ಲಿ ನಮೂದಾದ ಹೊತ್ತಿಗೆ ಮುಗಿದ ಅರ್ಧ ಗಂಟೆಯಲ್ಲಿ ಎಷ್ಟು ಯೂನಿಟ್ ಖರ್ಚಾಯಿತು ಎಂದು ಹೇಳುತ್ತದೆ. ಆರು ಗಂಟೆಯವರೆಗೆ ಮನೆ ಮಲಗಿದೆ, ಫ್ರಿಜ್ಜು, ವೈಫೈ, ಒಂದು ಫ್ಯಾನ್ ಮಾತ್ರ ಎಚ್ಚರವಾಗಿವೆ. ಅಲ್ಲಿಂದ ಅಂಕಿ ಒಮ್ಮೆಲೇ ಮೇಲೇಳುತ್ತದೆ. ಯಾರೋ ಗೀಸರ್ ಸ್ವಿಚ್ ಹಾಕಿದ್ದಾರೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. ಎರಡು ಸಾಲು ಮುಗಿಯುವುದರೊಳಗೆ ನಾಲ್ವರ ಸ್ನಾನ ಆಗಿದೆ. ಹೀಗೆ ದಿನಕ್ಕೆ 48 ಸಾಲು, ಮೂವತ್ತು ದಿನಕ್ಕೆ 1440 ಸಾಲು. ನಮ್ಮ ಕೈಗೆ ಬರುವ ಬಿಲ್ಲಿನಲ್ಲಿ ಈ 1440 ಸಾಲುಗಳೂ ಕರಗಿ ಒಂದೇ ಅಂಕಿಯಾಗಿರುತ್ತವೆ. ಎಷ್ಟು ಬಳಸಿದಿರಿ ಎಂದು ಬಿಲ್ ಹೇಳುತ್ತದೆ, ಯಾವ ಹೊತ್ತಿನಲ್ಲಿ ಬಳಸಿದಿರಿ ಎಂದು ಹೇಳುವುದಿಲ್ಲ.

ಇಷ್ಟು ದಿನ ಹೊತ್ತಿನ ಗೊಡವೆ ನಮಗೆ ಬೇಕಿರಲಿಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆಮೇಲೆ ಶರಾವತಿ ಬಂದಳು. ಅಣೆಕಟ್ಟಿನ ನೀರು ನಮಗಾಗಿ ಕಾಯುತ್ತದೆ, ಬೇಕೆಂದಾಗ ಬಾಗಿಲು ತೆರೆದರೆ ಸಾಕು. ಪಾವಗಡದ ಬಿಸಿಲು ಹಾಗೆ ಕಾಯುವುದಿಲ್ಲ. ಅಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಮಟಮಟ ಮಧ್ಯಾಹ್ನ ಧಾರಾಳವಾಗಿ ಕೊಡುತ್ತದೆ, ಸಂಜೆ ನಾವೆಲ್ಲ ಮನೆಗೆ ಬಂದು ದೀಪ ಹಾಕುವ ಹೊತ್ತಿಗೆ ಏನನ್ನೂ ಕೊಡುವುದಿಲ್ಲ. ಹಿಂದೆ ಕಾರ್ಖಾನೆಗಳ ದರಪಟ್ಟಿಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ರಿಯಾಯಿತಿ ಇತ್ತು. ರಾತ್ರಿಯ ಕರೆಂಟ್ ಅಗ್ಗ ಎಂಬ ನಂಬಿಕೆ ಹುಟ್ಟಿದ್ದು ಆ ಕಾಲದಲ್ಲಿ. ಈಗ ಅಗ್ಗವಾಗಬೇಕಾದದ್ದು ಹಗಲಿನ ಕರೆಂಟ್.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿ ಈ ಬದಲಾವಣೆಯನ್ನೇ ಹಿಡಿದು ನಡೆಯುತ್ತದೆ. ದಿನದಲ್ಲಿ ಎಂಟು ಗಂಟೆ ಸೌರ ಹೊತ್ತು, ಆಗ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇಕಡಾ 20ರಷ್ಟು ಕಡಿಮೆ. ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು. ಗಂಟೆಗಳನ್ನು ಗೊತ್ತುಮಾಡುವುದು ಆಯಾ ರಾಜ್ಯದ ನಿಯಂತ್ರಣ ಆಯೋಗ. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ಮುಖ್ಯ: ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆ ಅವರ ಬಳಕೆಯ ದತ್ತಾಂಶ ಸಿಗುವಂತಿರಬೇಕು. ಬೆಂಗಳೂರಿಗೆ ಕರೆಂಟ್ ಹಂಚುವ ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಮೀಟರಿನ ಬೆಲೆಯ ಬಗ್ಗೆ ದೊಡ್ಡ ವಾದವೇ ನಡೆಯಿತು, ಹೈಕೋರ್ಟ್‌ವರೆಗೂ ಹೋಯಿತು. ಆ ವಾದ ಬೇಕಾದದ್ದೇ. ಆದರೆ ದುಡ್ಡು ಕೊಟ್ಟು ಮೀಟರ್ ಹಾಕಿಸಿಕೊಂಡ ಮೇಲೆ ಅದು ಬರೆದದ್ದನ್ನು ಓದದೆ ಬಿಟ್ಟರೆ ಕೊಟ್ಟ ದುಡ್ಡಿನ ಅರ್ಧ ಪಾಲನ್ನು ಬಿಟ್ಟುಕೊಟ್ಟ ಹಾಗೆ.

ಈಗ ಲೆಕ್ಕ. ಸುಲಭವಾಗಲೆಂದು ಯೂನಿಟ್‌ಗೆ 6 ರೂಪಾಯಿ ಎಂದು ಇಟ್ಟುಕೊಳ್ಳೋಣ. ಹೊತ್ತಿನ ದರದಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ 4 ರೂಪಾಯಿ 80 ಪೈಸೆ. ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಹತ್ತು, ಈ ಏಳು ಗಂಟೆ 6 ರೂಪಾಯಿ 60 ಪೈಸೆ. ಉಳಿದ ಹೊತ್ತಿನಲ್ಲಿ 6 ರೂಪಾಯಿ. ಇದು ನಾನು ಕಟ್ಟಿಕೊಂಡ ಉದಾಹರಣೆ, ಆಯೋಗದ ಆದೇಶವಲ್ಲ.

ಎರಡು ಮನೆಗಳಿವೆ, ಎರಡರ ಬಿಲ್ಲೂ 300 ಯೂನಿಟ್. ಒಂದೇ ದರವಾದರೆ ಇಬ್ಬರಿಗೂ 1800 ರೂಪಾಯಿ. ಮೊದಲನೆಯದು ಆಗ ಹೇಳಿದ ವಿಜಯನಗರದ ಮನೆ, ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರ ಸಾಲುಗಳನ್ನು ಕೂಡಿಸಿದರೆ ಸೌರ ಹೊತ್ತಿನಲ್ಲಿ 60, ದುಬಾರಿ ಹೊತ್ತಿನಲ್ಲಿ 150, ಉಳಿದದ್ದು 90. ಹೊತ್ತಿನ ದರದಲ್ಲಿ 288, 990, 540, ಒಟ್ಟು 1818 ರೂಪಾಯಿ. ಎರಡನೆಯದರಲ್ಲಿ ನಿವೃತ್ತ ದಂಪತಿ ಇದ್ದಾರೆ. ಹಗಲಿಡೀ ಫ್ಯಾನು, ಟಿವಿ, ಹನ್ನೊಂದಕ್ಕೆ ಗ್ರೈಂಡರ್, ಮಧ್ಯಾಹ್ನ ಇಸ್ತ್ರಿ. ಸೌರ ಹೊತ್ತಿನಲ್ಲಿ 140, ದುಬಾರಿ ಹೊತ್ತಿನಲ್ಲಿ 80, ಉಳಿದದ್ದು 80. ಅವರಿಗೆ 1680 ರೂಪಾಯಿ. ಯೂನಿಟ್ ಅಷ್ಟೇ, ದರಪಟ್ಟಿ ಅದೇ. ಒಬ್ಬರಿಗೆ 18 ರೂಪಾಯಿ ನಷ್ಟ, ಇನ್ನೊಬ್ಬರಿಗೆ 120 ರೂಪಾಯಿ ಲಾಭ. ಆದ್ದರಿಂದ ಪಕ್ಕದ ಮನೆಯವರಿಗೆ ಲಾಭವಾಯಿತಂತೆ ಎಂದು ಕೇಳಿ ಯಾರೂ ಒಂದೇ ದರದ ಪ್ಲಾನ್ ಬಿಟ್ಟು ಹೊತ್ತಿನ ದರದ ಪ್ಲಾನಿಗೆ ಬದಲಾಗಬೇಡಿ. ಅವರ ದಿನಚರಿ ನಿಮ್ಮದಲ್ಲ.

ವಿಜಯನಗರದವರು ಏನು ಮಾಡಬಹುದು? ಗೀಸರನ್ನು ಮಧ್ಯಾಹ್ನಕ್ಕೆ ಹಾಕಿ ಎಂದು ಹೇಳುವುದು ಸುಲಭ. ಏಳು ಗಂಟೆಗೆ ಮಕ್ಕಳನ್ನು ಶಾಲೆಯ ವ್ಯಾನ್ ಹತ್ತಿಸುವ ತಾಯಿಗೆ ಆ ಮಾತು ಹೇಳುವ ಹಕ್ಕು ನನಗಿಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟರ್ ಮಾತ್ರ ಯಾರ ಸ್ನಾನಕ್ಕೂ ಕಾಯುವುದಿಲ್ಲ. ಕಾವೇರಿ ನೀರು ಯಾವ ಹೊತ್ತಿಗಾದರೂ ಬರಲಿ, ಬಂದದ್ದು ಸಂಪಿನಲ್ಲಿರುತ್ತದೆ. ಗಂಟೆಗೆ 0.9 ಯೂನಿಟ್ ಎಳೆಯುವ ಮೋಟರ್ ದಿನಕ್ಕೊಂದು ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್. ಸಂಜೆ ಏಳರಿಂದ ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಿ ಒಂದು ಟೈಮರ್ ಹಾಕಿಸಿದರೆ 48 ರೂಪಾಯಿ ಚಿಲ್ಲರೆ ಉಳಿಯುತ್ತದೆ, 18 ರೂಪಾಯಿಯ ನಷ್ಟ ತಿರುಗಿ 30 ರೂಪಾಯಿಯ ಲಾಭವಾಗುತ್ತದೆ. ಬಾಡಿಗೆ ಮನೆಗಳಲ್ಲಿ ಮೋಟರ್ ಸಾಮಾನ್ಯವಾಗಿ ಮಾಲೀಕರ ಮೀಟರಿಗೆ ಸೇರಿರುತ್ತದೆ, ಅಂಥವರಿಗೆ ಈ ದಾರಿ ಇಲ್ಲ. ವಿದ್ಯುತ್ ಸ್ಕೂಟರ್ ಇದ್ದವರು ಚಾರ್ಜಿಂಗನ್ನು ಕಡೇಪಕ್ಷ ಸಂಜೆ ಏಳರಿಂದ ರಾತ್ರಿ ಹತ್ತರ ಆಚೆಗೆ ತಳ್ಳಬಹುದು.

ಆದರೆ ಬದಲಾವಣೆಯ ಲೆಕ್ಕವನ್ನು ಮೊದಲೇ ಬೆರೆಸಬೇಡಿ. ಈಗ ಇರುವ ಹಾಗೆಯೇ ಬದುಕಿದರೆ ಎಷ್ಟು ಎಂಬುದನ್ನು ಮೊದಲು ನೋಡಿ. ಹೊಸ ವರ್ಷಕ್ಕೆ ಮಾಡಿಕೊಳ್ಳುವ ಸಂಕಲ್ಪದ ಬಲದ ಮೇಲೆ ಪ್ಲಾನ್ ಆರಿಸುವುದು ಅಪಾಯ.

ಇನ್ನೊಂದು ಶಿಸ್ತು ಬೇಕು. ಮೀಟರಿನ ಸಾಲುಗಳ ಫೈಲ್ ಕೈಗೆ ಬಂದ ಕೂಡಲೇ ಹೊಸ ಪ್ಲಾನಿನ ಲೆಕ್ಕಕ್ಕೆ ಇಳಿಯಬೇಡಿ. ಹಳೆಯ ಬಿಲ್ಲನ್ನು ಆ ಫೈಲಿನಿಂದಲೇ ಮತ್ತೆ ಕಟ್ಟಿ. 1440 ಸಾಲುಗಳ ಮೊತ್ತ ಬಿಲ್ಲಿನ ಎರಡು ರೀಡಿಂಗ್‌ಗಳ ವ್ಯತ್ಯಾಸಕ್ಕೆ ಸರಿಹೋಗಬೇಕು. ಹೋಗದಿದ್ದರೆ ಎಲ್ಲೋ ಎಡವಿದ್ದೀರಿ. ಕರೆಂಟ್ ಹೋದಾಗ ಸಾಲಿನಲ್ಲಿ ಸೊನ್ನೆ ಇರುತ್ತದೆ, ಮೀಟರಿನ ಸಂಪರ್ಕ ತಪ್ಪಿದಾಗ ಸಾಲೇ ಇರುವುದಿಲ್ಲ. ಇವೆರಡನ್ನೂ ಒಂದೆಂದು ತಿಳಿದರೆ ಲೆಕ್ಕ ಕೆಡುತ್ತದೆ. ನಾನು ನನ್ನ ಮನೆಯ ಲೆಕ್ಕವನ್ನು ಮೊದಲ ಸಲ ಮಾಡಿದಾಗ ಏಪ್ರಿಲ್ ಒಂದೇ ತಿಂಗಳ ಫೈಲ್ ಹಿಡಿದಿದ್ದೆ. ಹಗಲಿಡೀ ಫ್ಯಾನ್ ತಿರುಗಿತ್ತು, ಸೋಲಾರ್ ಹೀಟರಿನ ನೀರು ಕೈ ಸುಡುವಷ್ಟು ಬಿಸಿ ಇತ್ತು, ಹೊತ್ತಿನ ದರವೇ ಲಾಭ ಎಂದು ತೀರ್ಮಾನಿಸಿಬಿಟ್ಟೆ. ಜುಲೈ ಬಂತು. ಮೋಡ ಕವಿದ ವಾರಗಟ್ಟಲೆ ದಿನಗಳಲ್ಲಿ ಬೆಳಗ್ಗೆ ಆರೂವರೆಗೆ ಹೀಟರಿನ ಕಾಯಿಲ್ ಹೊತ್ತಿಸಲೇಬೇಕಾಯಿತು, ಹಗಲಿನ ಫ್ಯಾನ್ ನಿಂತಿತು. ಏಪ್ರಿಲ್‌ನ ತೀರ್ಮಾನ ತಲೆಕೆಳಗಾಯಿತು. ಹನ್ನೆರಡು ತಿಂಗಳ ಸಾಲುಗಳಿಲ್ಲದೆ ನಾನು ಈಗ ಯಾರಿಗೂ ಸಲಹೆ ಕೊಡುವುದಿಲ್ಲ.

ಹೊರದೇಶಗಳಲ್ಲಿ ಈ ಕೆಲಸ ಬಹಳ ಮುಂದೆ ಹೋಗಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸರ್ಕಾರವೇ ನಡೆಸುವ ಹೋಲಿಕೆಯ ವ್ಯವಸ್ಥೆಗೆ ನಿಮ್ಮ ಮೀಟರಿನ ಫೈಲ್ ಕೊಟ್ಟರೆ ಬೇರೆ ಬೇರೆ ಕಂಪನಿಗಳ ಪ್ಲಾನ್‌ಗಳಲ್ಲಿ ನಿಮಗೆ ಎಷ್ಟು ಬೀಳುತ್ತದೆ ಎಂದು ತೋರಿಸುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೀಟರ್ 15 ನಿಮಿಷಕ್ಕೊಮ್ಮೆ ಬರೆಯುತ್ತದೆ. ಅಲ್ಲಿ ರಾತ್ರಿ ಪೂರ್ತಿ ಉಚಿತ ಎನ್ನುವ ಪ್ಲಾನ್‌ಗಳಿವೆ, ಹಗಲಿನ ದರವನ್ನು ಏರಿಸಿ ಅದನ್ನು ತುಂಬಿಕೊಳ್ಳುತ್ತಾರೆ. ಸಗಟು ಮಾರುಕಟ್ಟೆಯ ದರವನ್ನೇ ಮನೆಗೆ ದಾಟಿಸುವ ಪ್ಲಾನ್ ಕೂಡ ಇತ್ತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಆ ದರ ಯೂನಿಟ್‌ಗೆ 9 ಡಾಲರ್ ತಲುಪಿತು, ಕೆಲವು ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಹಿಂದಿನ ವರ್ಷದ ಸಾಲುಗಳನ್ನು ಎಷ್ಟು ಗುಣಿಸಿದ್ದರೂ ಆ ವಾರ ಕಾಣುತ್ತಿರಲಿಲ್ಲ.

ಬೆಂಗಳೂರಿನ ಮನೆಗೆ ಕಂಪನಿಯ ಆಯ್ಕೆ ಇಲ್ಲ. ಹಾಗಾದರೆ ಹೋಲಿಸುವುದೇನು? ನನ್ನ ಅನುಭವದಲ್ಲಿ ಇಲ್ಲಿನ ದೊಡ್ಡ ಉಳಿತಾಯ ಹೊತ್ತಿನ ದರಕ್ಕಿಂತ ಬಿಲ್ಲಿನಲ್ಲಿ ಯಾರೂ ಓದದ ಒಂದು ಸಾಲಿನಲ್ಲಿದೆ: ಮಂಜೂರಾದ ಲೋಡ್, ಅಂದರೆ ಒಮ್ಮೆಗೆ ಎಷ್ಟು ಕಿಲೋವ್ಯಾಟ್‌ವರೆಗೆ ಎಳೆಯಬಹುದು ಎಂದು ನಿಮ್ಮ ಮನೆಗೆ ಕೊಟ್ಟ ಅನುಮತಿ. 2025-26ರ ದರಪಟ್ಟಿಯಲ್ಲಿ ಮನೆಗಳಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಇತ್ತು. ನೀವು ಒಂದು ದೀಪವನ್ನೂ ಹಚ್ಚದಿದ್ದರೂ ಅದನ್ನು ಕಟ್ಟಬೇಕು. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ 5 ಕಿಲೋವ್ಯಾಟ್ ಇರಲಿ ಸಾರ್ ಎಂದಿರುತ್ತಾರೆ, ನಾವು ಆಗಲಿ ಎಂದಿರುತ್ತೇವೆ. ಆ ದರದಲ್ಲಿ ತಿಂಗಳಿಗೆ 725 ರೂಪಾಯಿ.

ಸ್ಮಾರ್ಟ್ ಮೀಟರ್ ಗರಿಷ್ಠ ಬೇಡಿಕೆಯನ್ನೂ, ಅಂದರೆ ಮನೆ ಒಟ್ಟಿಗೆ ಎಳೆದ ಅತಿ ಹೆಚ್ಚಿನ ಕಿಲೋವ್ಯಾಟನ್ನೂ, ಬರೆಯುತ್ತದೆ. ಅದು ಒಂದು ಕ್ಷಣದ ಅಂಕಿಯಲ್ಲ, 15 ಅಥವಾ 30 ನಿಮಿಷದ ಸರಾಸರಿ. ಗೀಸರ್, ಇಸ್ತ್ರಿ, ಮೋಟರ್ ಮೂರೂ ಐದು ನಿಮಿಷ ಒಟ್ಟಿಗೆ ಓಡಿದರೆ ಅಂಕಿ ಅಷ್ಟೇನೂ ಏರುವುದಿಲ್ಲ, ಅರ್ಧ ಗಂಟೆ ಓಡಿದರೆ ಏರುತ್ತದೆ. ವಿಜಯನಗರದ ಮನೆಯಲ್ಲಿ ಇಡೀ ವರ್ಷದ ಗರಿಷ್ಠ 2.7 ಕಿಲೋವ್ಯಾಟ್. ಡಿಸೆಂಬರಿನ ಒಂದು ಬೆಳಗ್ಗೆ ನೆಂಟರು ಬಂದಿದ್ದರು, ಗೀಸರಿನ ಜೊತೆಗೆ ಇಂಡಕ್ಷನ್ ಒಲೆಯೂ ಉರಿದಿತ್ತು. ಲೋಡನ್ನು 5ರಿಂದ 3ಕ್ಕೆ ಇಳಿಸಲು ಅರ್ಜಿ ಹಾಕಿದರೆ ಆ ದರದಲ್ಲಿ ತಿಂಗಳಿಗೆ 290 ರೂಪಾಯಿ, ವರ್ಷಕ್ಕೆ 3480 ರೂಪಾಯಿ ಉಳಿತಾಯ. ಮೋಟರನ್ನು ಮಧ್ಯಾಹ್ನಕ್ಕೆ ಬದಲಿಸಿ ವರ್ಷವಿಡೀ ಉಳಿಸಿದ್ದು ಇದರ ಆರನೆಯ ಒಂದು ಪಾಲಷ್ಟೆ. ಎಸಿ ಅಥವಾ ವಿದ್ಯುತ್ ಕಾರು ಕೊಳ್ಳುವ ಯೋಚನೆ ಇದ್ದವರು ಅವಸರ ಮಾಡಬಾರದು. ಮಂಜೂರಾತಿ ಮೀರಿದ ತಿಂಗಳಲ್ಲಿ ಮೀರಿದ ಅಂಕಿಯ ಮೇಲೆಯೇ ಬಿಲ್ ಬರುತ್ತದೆ. ವರ್ಷದಲ್ಲಿ ಮೂರು ಸಲವಾದರೂ ಮೀರಿದರೆ ಆ ತಿಂಗಳುಗಳ ಪೈಕಿ ಅತಿ ಕಡಿಮೆಯ ಅಂಕಿಯ ಆಧಾರದ ಮೇಲೆ ಲೋಡ್ ಪರಿಷ್ಕರಿಸಬೇಕು ಎನ್ನುತ್ತದೆ ಅದೇ 2023ರ ತಿದ್ದುಪಡಿ.

ಗೃಹಜ್ಯೋತಿಯ ಮನೆಗಳ ಕಥೆ ಬೇರೆ. ಬಿಲ್ಲೇ ಸೊನ್ನೆ ಇರುವವರಿಗೆ ಹಗಲಿನ ರಿಯಾಯಿತಿಯಿಂದ ಆಗಬೇಕಾದದ್ದೇನೂ ಇಲ್ಲ. ಅವರು ಕಾಯಬೇಕಾದದ್ದು ತಿಂಗಳಿಗೆ 200 ಯೂನಿಟ್ ಎಂಬ ಗಡಿಯನ್ನು. ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 3 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ 201 ಯೂನಿಟ್ ಆದರೆ ಅದೇ 2025-26ರ ದರದಲ್ಲಿ ತೆರಿಗೆ, ಸರ್ಚಾರ್ಜ್ ಬಿಟ್ಟು ಸುಮಾರು 1600 ರೂಪಾಯಿ. ತಿಂಗಳ ಇಪ್ಪತ್ತನೆಯ ದಿನ 150 ದಾಟಿದೆಯೇ ಎಂದು ನೋಡಿಕೊಳ್ಳಲು ದಿನದಿನದ ಅಂಕಿ ಸಿಕ್ಕರೆ ಅಂಥ ಮನೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಸಾಲುಗಳು ನೀವು ಯಾವಾಗ ಏಳುತ್ತೀರಿ, ಯಾವ ವಾರ ಊರಿಗೆ ಹೋಗಿದ್ದಿರಿ, ಮನೆ ಯಾವ ಹೊತ್ತು ಖಾಲಿ ಎಂಬುದನ್ನೂ ಹೇಳುತ್ತವೆ. ಇದೇ ಕಾರಣಕ್ಕೆ ನೆದರ್ಲೆಂಡ್ಸ್‌ನ ಮೇಲ್ಮನೆ 2009ರಲ್ಲಿ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಲು ಒಪ್ಪಲಿಲ್ಲ. ಸೋಲಾರ್ ಮಾರಲು ಬಂದವರಿಗೆ, ಬಿಲ್ ಕಡಿಮೆ ಮಾಡಿಸುತ್ತೇವೆ ಎಂದು ಫೋನ್ ಮಾಡಿದವರಿಗೆ ಫೈಲ್ ಕಳಿಸಬೇಡಿ. ಗುಣಾಕಾರ, ಸಂಕಲನ ಬಿಟ್ಟರೆ ಇದರಲ್ಲಿ ಬೇರೆ ವಿದ್ಯೆಯಿಲ್ಲ. ಹೈಸ್ಕೂಲಿನ ಮಗು ಕಂಪ್ಯೂಟರಿನಲ್ಲಿ ಒಂದು ಗಂಟೆಯಲ್ಲಿ ಮಾಡಿಕೊಡುತ್ತದೆ.

ಮುಂದಿನ ಭಾನುವಾರ ಹತ್ತು ಗಂಟೆಗೆ ಇದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ಹೊಸ ಮೀಟರ್ ಇರುವವರು ವರ್ಷದ ಫೈಲ್ ತನ್ನಿ. ಹಳೆಯ ಮೀಟರಿನವರು ಹನ್ನೆರಡು ಬಿಲ್ ತನ್ನಿ, ಲೋಡಿನ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಬನ್ನಿ. ಅಲ್ಲಿಂದಲೇ ಶುರು ಮಾಡೋಣ.