ತೆನೆ ಹಬ್ಬದ ಆ ವರ್ಷ

ಕೇಳುಗರಿಗೆ ನಮಸ್ಕಾರ.

ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8 ಅಂದರೆ ಮೊಂತಿ ಹಬ್ಬ. ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸ ಅಕ್ಕಿಯ ಹಬ್ಬ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ಹಿಡಿದು ಚರ್ಚಿಗೆ ಓಡುತ್ತಾರೆ. ಹಬ್ಬದ ದಿನ ಪಾದ್ರಿಗಳು ಭತ್ತದ ತೆನೆಯನ್ನು ಆಶೀರ್ವದಿಸಿ ಎಲ್ಲ ಮನೆಗಳಿಗೂ ಕೊಡುತ್ತಾರೆ. ಮನೆಯ ಹಿರಿಯರು ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಅಂದು ಮೀನಿಲ್ಲ, ಮಾಂಸವಿಲ್ಲ. ಬಾಳೆಲೆಯ ಮೇಲೆ ತರಕಾರಿ ಊಟ. ಪದಾರ್ಥಗಳು ಐದೋ, ಏಳೋ, ಒಂಬತ್ತೋ, ಬೆಸ ಸಂಖ್ಯೆಯಲ್ಲೇ ಇರಬೇಕು. ದೂರದೇಶದಲ್ಲಿ ಇರುವ ಮಕ್ಕಳಿಗೆ ನಾಲ್ಕು ಕಾಳು ಅಂಚೆ ಕವರಿನಲ್ಲಿ ಹೋಗುತ್ತಿದ್ದ ಕಾಲವೂ ಇತ್ತು.

ಒಂದು ವರ್ಷ ಆಗಸ್ಟ್ ಮಧ್ಯದಲ್ಲಿ ನಮ್ಮ ಅಪ್ಪ ತೀರಿಕೊಂಡರು. ಮೂರು ವಾರಕ್ಕೆ ಹಬ್ಬ ಬಂತು. ಆಸ್ಪತ್ರೆಗೆಂದು ಮಾಡಿದ ಸಾಲ ಹಾಗೇ ಇತ್ತು. ಮಾತಾಡಿಸಲು ಬಂದ ಹಿರಿಯರೊಬ್ಬರು, "ಎಲ್ಲ ದೇವರ ಚಿತ್ತ. ಇದಕ್ಕೂ ಸ್ತೋತ್ರ ಹೇಳಬೇಕಮ್ಮ" ಎಂದರು. ಸ್ತೋತ್ರ ಅಂದರೆ ನಮ್ಮಲ್ಲಿ ದೇವರಿಗೆ ಹೇಳುವ ಕೃತಜ್ಞತೆ. ಅಮ್ಮ ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದರು. ಆ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ನನಗೆ ಗೊತ್ತು. ಆದರೆ ಆ ಮಾತು ಸರಿಯಲ್ಲ ಅಂತ ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಬೈಬಲಿನಲ್ಲಿ ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, 5ನೇ ಅಧ್ಯಾಯದ 18ನೇ ವಚನದಲ್ಲಿ, ಎಲ್ಲಾದರಲ್ಲಿಯೂ ಕೃತಜ್ಞತೆ ಸಲ್ಲಿಸಿ ಎನ್ನುತ್ತಾರೆ. ಎಲ್ಲಾದರ'ಲ್ಲಿ'. ಸಾವಿಗೆ, ಸಾಲಕ್ಕೆ, ಕಾಯಿಲೆಗೆ ಥ್ಯಾಂಕ್ಸ್ ಹೇಳಿ ಅಂತ ಅಲ್ಲ. ಅವುಗಳ ನಡುವೆ ನಿಂತು ಹೇಳಿ ಅಂತ. ಎಫೆಸದವರಿಗೆ ಬರೆದ ಪತ್ರದಲ್ಲಿ ಎಲ್ಲದಕ್ಕೂ ಸ್ತೋತ್ರ ಮಾಡಿ ಅಂತ ಇದೆಯಲ್ವಾ ಎಂದು ನೀವು ಕೇಳಬಹುದು. ಇದೆ. ಹಾಗಾದರೆ ಯೇಸುಸ್ವಾಮಿ ಸ್ವತಃ ಏನು ಮಾಡಿದರು, ನೋಡೋಣ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ. ಗೆಳೆಯ ಲಾಜರ ಸತ್ತು ನಾಲ್ಕು ದಿನವಾಗಿದೆ. ಅವನ ಅಕ್ಕತಂಗಿಯರು ಅಳುತ್ತಿದ್ದಾರೆ. 35ನೇ ವಚನದಲ್ಲಿ ಯೇಸುವೂ ಅಳುತ್ತಾರೆ. ಆಮೇಲೆ ಆರೇ ವಚನ ದಾಟಿದರೆ, ಅದೇ ಸಮಾಧಿಯ ಮುಂದೆ, ಕಣ್ಣೆತ್ತಿ ತಂದೆಗೆ ಸ್ತೋತ್ರ ಹೇಳುತ್ತಾರೆ. ಯಾವುದಕ್ಕೆ? ಗೆಳೆಯ ಸತ್ತದ್ದಕ್ಕಲ್ಲ. ತನ್ನ ಮಾತನ್ನು ತಂದೆ ಕೇಳಿಸಿಕೊಂಡದ್ದಕ್ಕೆ. ಕೆನ್ನೆ ಇನ್ನೂ ಒದ್ದೆಯಿದ್ದಾಗಲೇ ಹೇಳಿದ ಸ್ತೋತ್ರ ಅದು. ಅಳಬೇಡಿ, ಬರೀ ಸ್ತೋತ್ರ ಹೇಳಿ ಎನ್ನುವವರು ಈ ಪುಟವನ್ನು ಇನ್ನೊಮ್ಮೆ ಓದಬೇಕು ಅಂತ ನನ್ನ ಆಸೆ.

ನಮ್ಮ ಕೊಂಕಣಿಯಲ್ಲಿ ಥ್ಯಾಂಕ್ಸ್ ಎನ್ನಲು 'ದೇವ್ ಬರೆಂ ಕರುಂ' ಎನ್ನುತ್ತೇವೆ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಇದನ್ನು ಕಷ್ಟಕ್ಕೆ ಹೇಳಲು ಬರುವುದಿಲ್ಲ. ಎದುರಿಗೆ ಒಬ್ಬ ಮನುಷ್ಯ ಬೇಕು.

ಹಬ್ಬದ ಮಧ್ಯಾಹ್ನ ಅಮ್ಮ ತೆನೆ ಹಿಡಿದು ಕೂತರು. ಪ್ರತಿ ವರ್ಷ ಅದು ಅಪ್ಪನ ಕೆಲಸ. ಉಗುರಿನಿಂದ ಒಂದೊಂದೇ ಕಾಳು ಸುಲಿಯುವಾಗ ಕೈ ನಡುಗಿ ಒಂದು ಕಾಳು ಮೇಜಿನ ಕೆಳಗೆ ಬಿತ್ತು. ತಮ್ಮ ಟಾರ್ಚ್ ಹಾಕಿ ಹುಡುಕಿದ. ಸಿಗುವ ತನಕ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಪ್ರಾರ್ಥನೆ ಶುರು ಮಾಡಿದರು. "ದೇವರೇ, ಅವರನ್ನು ಯಾಕೆ ಕರೆದುಕೊಂಡೆ ಅಂತ ನನಗೆ ಗೊತ್ತಿಲ್ಲ. ಅದಕ್ಕೆ ನನ್ನ ಬಾಯಲ್ಲಿ ಸ್ತೋತ್ರ ಬರುವುದಿಲ್ಲ. ಪಕ್ಕದ ಮನೆಯ ಅಕ್ಕ ಒಂಬತ್ತು ದಿನ ಗಂಜಿ ತಂದುಕೊಟ್ಟರು. ರಾತ್ರಿಪಾಳಿಯ ನರ್ಸ್ ಹುಡುಗಿ ಅವರ ಕಾಲು ಒತ್ತಿದಳು. ದೊಡ್ಡವನಿಗೆ ರಜೆ ಸಿಕ್ಕಿತು, ಅಪ್ಪನ ಮುಖ ನೋಡಿದ. ಇದಕ್ಕೆಲ್ಲ ಸ್ತೋತ್ರ."

ಊಟಕ್ಕೆ ಐದೇ ಪದಾರ್ಥ. ಅಷ್ಟೇ ಆಗಿತ್ತು.

ಸಂಜೆ ಉಳಿದ ತೆನೆಯನ್ನು ಆಲ್ತಾರಿನ, ಅಂದರೆ ಮನೆಯ ದೇವರ ಪೀಠದ, ಬಳಿ ಕಟ್ಟಬೇಕು. ಹಿಂದಿನ ವರ್ಷದ್ದು ಅಲ್ಲೇ ಇತ್ತು, ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬಿಳಿ ನೂಲಿನಲ್ಲಿ ಅಪ್ಪ ಹಾಕಿದ ಗಂಟು. ಹಳೆಯದನ್ನು ತೆಗೆಯುವುದು ವಾಡಿಕೆ. ಅಮ್ಮ ತೆಗೆಯಲಿಲ್ಲ. ಹೊಸ ತೆನೆಯನ್ನು ಅದರ ಪಕ್ಕದಲ್ಲೇ ಕಟ್ಟಿದರು.

ಸಾಲ ತೀರಲು ಮತ್ತೆ ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷವೂ ರಾತ್ರಿ ತೇರ್ಸ್, ಅಂದರೆ ನಮ್ಮ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಅಮ್ಮ ಆ ದಿನದ ಒಂದು ಹೆಸರು ಹೇಳುತ್ತಿದ್ದರು. ಕಂತಿಗೆ ಒಂದು ವಾರ ಸಮಯ ಕೊಟ್ಟ ಬ್ಯಾಂಕಿನ ಗುಮಾಸ್ತ. ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟ ಹುಡುಗ. ಚೀಲ ತುಂಬ ನುಗ್ಗೆಸೊಪ್ಪು ಕೊಟ್ಟ ಮುದುಕಿ.

ಒಂದು ರಾತ್ರಿ ಎಷ್ಟು ಯೋಚಿಸಿದರೂ ಯಾರ ಹೆಸರೂ ನೆನಪಿಗೆ ಬರಲಿಲ್ಲ. ತುಂಬ ಹೊತ್ತು ಸುಮ್ನೆ ಕೂತಿದ್ದರು. "ಇವತ್ತು ಏನೂ ಇಲ್ಲ ದೇವರೇ, ನಾಳೆ ಹೇಳುತ್ತೇನೆ" ಎಂದು ಎದ್ದು ದೀಪ ಆರಿಸಿದರು.