ಜೆರಾಕ್ಸ್ ಅಂಗಡಿಯ ರಕ್ತದ ಲೆಕ್ಕ

ಇದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ರಸ್ತೆ. ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯವರೆಲ್ಲ ಚಿಕಿತ್ಸೆಗೆ ಬರುವುದು ಈ ಊರಿಗೇ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ, ಆದರೂ ಹುಷಾರಿಲ್ಲ ಅಂದರೆ ಅಲ್ಲಿಯವರೂ ಹತ್ತುವುದು ದಾವಣಗೆರೆ ಬಸ್ಸನ್ನೇ.

ಇಲ್ಲೇ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಅಂಗಡಿ ಅಣ್ಣ ಮುಖ ತೋರಿಸಬೇಡ, ಹೆಸರೂ ಬೇಡ ಅಂದರು. ಅದಕ್ಕೇ ನಾನು ತೆಗೆದ ಚಿತ್ರದಲ್ಲಿ ಅವರ ಕೈ ಮಾತ್ರ ಇದೆ. ಕೈಯಲ್ಲಿರುವುದು ಉದ್ದನೆಯ ಲೆಕ್ಕದ ಪುಸ್ತಕ.

ಆಧಾರ್, ರೇಷನ್ ಕಾರ್ಡ್ ಕಾಪಿ ತೆಗೆಸಲು ಬಂದವರು ಮಷಿನ್ ಓಡುವಷ್ಟರಲ್ಲಿ ತಮ್ಮ ಕಷ್ಟ ಹೇಳಿಬಿಡುತ್ತಾರೆ. ಅಣ್ಣ ಜಾಸ್ತಿ ಕೇಳಿದ ಮಾತು ಇದು: "ಎರಡು ಬಾಟ್ಲಿ ರಕ್ತ ಬೇಕು ಅಂದಾರ್ರಿ. ಈ ಊರಾಗ ನಮಗ್ಯಾರು ಗೊತ್ತು?"

ಪುಸ್ತಕ ಶುರುವಾಗಿದ್ದು ಹಾಗೆ. ಹೆಸರು, ಗುಂಪು, ಫೋನ್ ನಂಬರ್. ಕೊನೆಯಲ್ಲಿ, ರಕ್ತ ಕೊಟ್ಟ ತಾರೀಖು. ನನಗೆ ಹಿಡಿಸಿದ್ದು ಆ ಕೊನೆಯ ಸಾಲು. ಒಮ್ಮೆ ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು, ಹೆಂಗಸರು ನಾಲ್ಕು ತಿಂಗಳು. ತಾರೀಖು ನೋಡಿಯೇ ಅಣ್ಣ ಫೋನ್ ತಿರುಗಿಸುತ್ತಾರೆ. "ನಿಂದು ಇನ್ನೂ ಟೈಮ್ ಆಗಿಲ್ಲ, ಸುಮ್ನೆ ಇರಪ್ಪ" ಅಂತ ಬಂದವರನ್ನು ವಾಪಸ್ ಕಳಿಸಿದ್ದೂ ಉಂಟು.

ದೊಡ್ಡ ಶಿಬಿರಗಳು ನಡೆಯುತ್ತವಲ್ಲ, ಇದೆಲ್ಲ ಯಾಕೆ ಅಂತ ಕೇಳಿದೆ. ಶಿಬಿರ ಬೇಕೇ ಬೇಕು. ಆದರೆ ರಕ್ತ ಅಕ್ಕಿಯಲ್ಲ, ವರ್ಷಗಟ್ಟಲೆ ಇಡಲು ಬರುವುದಿಲ್ಲ. ಕೆಂಪು ರಕ್ತಕಣ ಫ್ರಿಜ್‌ನಲ್ಲಿ 35ರಿಂದ 42 ದಿನ ಉಳಿಯುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣ, ಅಂದರೆ ಪ್ಲೇಟ್‌ಲೆಟ್, ಬರೀ 5 ದಿನ. ಇವತ್ತು ನಾಯಕರ ಹುಟ್ಟುಹಬ್ಬಕ್ಕೆ ಇನ್ನೂರು ಜನ ಕೊಟ್ಟರೆ, ಎರಡು ತಿಂಗಳ ನಂತರ ಬರುವ ಬಾಣಂತಿಗೆ ಅದು ಸಿಗುವುದಿಲ್ಲ. ಕೊಟ್ಟ ಇನ್ನೂರು ಜನರೂ ಆಗಿನ್ನೂ ಕಾಯುತ್ತಿರುತ್ತಾರೆ! ಏಪ್ರಿಲ್, ಮೇ ಬಂದರೆ ಕಾಲೇಜು ಹುಡುಗರು ಊರಿಗೆ ಹೋಗಿಬಿಡುತ್ತಾರೆ, ಆಗ ಪರದಾಟ ಇನ್ನೂ ಜಾಸ್ತಿ.

ಪುಸ್ತಕದಲ್ಲಿ ಒಂದು ಪುಟ ಪೂರ್ತಿ ಒಂದೇ ಮಗುವಿಗೆ. ಅದಕ್ಕೆ ಥಲಸ್ಸೇಮಿಯಾ. ಮೈಯಲ್ಲಿ ಸರಿಯಾದ ರಕ್ತ ತಯಾರಾಗುವುದಿಲ್ಲ. ಇಂಥ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಲೇ ಇರಬೇಕು. ಆ ಪುಟದ ಜನರಿಗೆ ಅಣ್ಣ ಸರದಿ ಹಾಕಿದ್ದಾರೆ. ತಮ್ಮ ಸರದಿ ಯಾವಾಗ ಅಂತ ಅವರಿಗೆ ಮೊದಲೇ ಗೊತ್ತು. ಪ್ರತಿ ಸಲ ಅಪರಿಚಿತರ ಮುಂದೆ ಕೈ ಚಾಚುವುದು ಆ ತಾಯಿಗೆ ತಪ್ಪಿದೆ. ನನ್ನ ಲೆಕ್ಕದಲ್ಲಿ ಇಡೀ ಪುಸ್ತಕದ ಬೆಲೆ ಇದೊಂದು ಪುಟದಲ್ಲೇ ಇದೆ.

ರೋಗಿಯ ಕಡೆಯವರು ಕೊಟ್ಟವರ ಜೇಬಿಗೆ ದುಡ್ಡು ತುರುಕಲು ಬಂದರೆ ಅಣ್ಣನಿಗೆ ಸಿಟ್ಟು. ದುಡ್ಡಿಗೆ ರಕ್ತ ಕೊಡುವ ದಂಧೆ 1998ರಿಂದ ನಮ್ಮ ದೇಶದಲ್ಲಿ ನಿಷೇಧ. ಒಂದು ಟೀ ಕುಡಿಸಿದರೆ ಬೇಡ ಅನ್ನುವುದಿಲ್ಲ. ಬೆಣ್ಣೆ ದೋಸೆ ಕೊಡಿಸಿದರೂ ಅಷ್ಟೇ, ದಾವಣಗೆರೆ ಅಲ್ವಾ!

ವಾಟ್ಸಾಪ್ ಗ್ರೂಪ್ ಮಾಡಿ ಅಂದರೆ ಕೈ ಮುಗಿಯುತ್ತಾರೆ. 'ತುರ್ತಾಗಿ ಬಿ ನೆಗೆಟಿವ್ ಬೇಕು' ಅನ್ನುವ ಮೆಸೇಜಿಗೆ ತಾರೀಖೇ ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋದರೂ ಮೆಸೇಜ್ ಮಾತ್ರ ಊರೂರು ತಿರುಗುತ್ತಿರುತ್ತದೆ. ಕಳಿಸುವುದೇ ಆದರೆ ತಾರೀಖು, ಆಸ್ಪತ್ರೆ, ಎಷ್ಟು ಯೂನಿಟ್, ಇಷ್ಟನ್ನೂ ಬರೆಯಿರಿ. ರಕ್ತ ಸಿಕ್ಕ ಮೇಲೆ ಅಳಿಸಿ.

ನೀವು 18 ದಾಟಿದ್ದರೆ, ತೂಕ 45 ಕೆಜಿಗಿಂತ ಕಡಿಮೆ ಇಲ್ಲದಿದ್ದರೆ, ಹಿಮೋಗ್ಲೋಬಿನ್ ಕನಿಷ್ಠ 12.5 ಇದ್ದರೆ, ನಿಮ್ಮೂರಿನ ರಕ್ತನಿಧಿಯಲ್ಲೇ ಹೆಸರು ಕೊಡಿ. ಉಳಿದ ತಪಾಸಣೆ ಅವರೇ ಮಾಡುತ್ತಾರೆ. ಅಣ್ಣನ ಪುಸ್ತಕದಲ್ಲಿ ಒ ನೆಗೆಟಿವ್ ಪುಟ ಇನ್ನೂ ಅರ್ಧ ಖಾಲಿ ಇದೆ. ದಾವಣಗೆರೆಯವರು ಯಾರಾದರೂ ಆ ಗುಂಪಿನವರಿದ್ದರೆ, ಜೆರಾಕ್ಸ್ ನೆಪದಲ್ಲಾದರೂ ಒಮ್ಮೆ ಹೋಗಿ ಬನ್ನಿ.